ಮಾತು ಬಿಟ್ಟ ಮಗುವಿಗೆ ಹಕ್ಕಿಯ ಕೆಲಸ ಕೊಡಿ

ರಾಯಚೂರಿನ ಬಿಸಿಲು ಗೊತ್ತೇ ಇದೆ, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದರೆ ಹಕ್ಕಿಗಳು ಸುಸ್ತಾಗಿ ಮರದಿಂದ ಬೀಳುತ್ತವೆ. ಮನೆಯಲ್ಲಿ ಸಿಟ್ಟು ಜಾಸ್ತಿ ಇರುವ ಅಥವಾ ಮಾತೇ ಆಡದ ಮಗು ಇದ್ದರೆ, ಅಂಥ ಹಕ್ಕಿಯ ಆರೈಕೆಗೆ ಜೊತೆ ಮಾಡಿಕೊಳ್ಳಿ. ನಮ್ಮ ಅಕ್ಕನ ಮಗ ತನ್ನ ಅಪ್ಪ ತೀರಿಕೊಂಡ ಮೇಲೆ ಬಾಯಿ ಬಿಡುತ್ತಿರಲಿಲ್ಲ. ಬೇವಿನ ಮರದ ಕೆಳಗೆ ಗೊರವಂಕ ಸಿಕ್ಕ ದಿನ ತಾನೇ ಓಡಿ ಬಂದು "ಮಾವಾ, ನೀರು ಕುಡೀತು" ಅಂದ. ಹಕ್ಕಿ ಅವನನ್ನು ಏನೂ ಕೇಳುವುದಿಲ್ಲ ಅಲ್ವಾ, ನಾವೋ ಬರೀ ಪ್ರಶ್ನೆ!

ರಟ್ಟಿನ ಡಬ್ಬಿಗೆ ತೂತು ಮಾಡಿ, ಹಳೆ ಬಟ್ಟೆ ಹಾಸಿ, ನೆರಳಲ್ಲಿಡಿ. ಅಗಲ ಮುಚ್ಚಳದಲ್ಲಿ ನೀರು ಸಾಕು. ಕೊಕ್ಕು ಬಿಡಿಸಿ ನೀರು ಹೊಯ್ಯಲೇಬೇಡಿ, ಶ್ವಾಸಕೋಶಕ್ಕೆ ಹೋದರೆ ಸಾಯುತ್ತದೆ. ಹಾಲು, ಬ್ರೆಡ್ ಬೇಡ. ಸುಮ್ನೆ ಎತ್ತಿ ಮುದ್ದಾಡುವುದೂ ಬೇಡ, ಮುಟ್ಟಿದರೆ ಸೋಪು ಹಾಕಿ ಕೈ ತೊಳೆಸಿ. ಪುಕ್ಕ ಬಂದು ಕುಪ್ಪಳಿಸುವ ಮರಿಯಾದರೆ ಅಲ್ಲೇ ಬಿಡಿ, ತಂದೆತಾಯಿ ಹತ್ತಿರದಲ್ಲೇ ಇರುತ್ತವೆ. ಬೆಕ್ಕು ಬಾರದಂತೆ ದೂರದಿಂದ ಕಾಯುವ ಕೆಲಸ ಹುಡುಗರಿಗೆ ಕೊಡಿ.

ಇದು ಸಾಕಲು ಅಲ್ಲ, ಹಾರಿಸಲು ಅಂತ ಮೊದಲೇ ಹೇಳಿಬಿಡಿ. ಗಿಳಿ, ಗೊರವಂಕ ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು. ಚೇತರಿಸಿಕೊಂಡರೆ ಬಿಸಿಲು ಇಳಿದ ಮೇಲೆ ಬಿಡಿ. ರೆಕ್ಕೆ ಮುರಿದಿದ್ದರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಸತ್ತುಹೋದರೆ ಹಾರಿಹೋಯಿತು ಅಂತ ಸುಳ್ಳು ಹೇಳಬೇಡಿ, ಇಬ್ಬರೂ ಸೇರಿ ಮಣ್ಣು ಮಾಡಿ.

ಮಗು ಊಟ ನಿದ್ದೆ ಬಿಟ್ಟಿದ್ದರೆ ಹಕ್ಕಿಯೊಂದೇ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.