ಕೂಸು ಎದೆಗೆ, ದೊಡ್ಡವಳು ಗಾಡಿಗೆ

ಎರಡನೆಯವನು ಹುಟ್ಟಿದಾಗ ದೊಡ್ಡವಳಿಗೆ ಇನ್ನೂ ಎರಡು ತುಂಬಿರಲಿಲ್ಲ. ಬಾಣಂತನ ಮುಗಿಸಿ ಬೆಂಗಳೂರಿಗೆ ಬಂದ ಮೇಲೆ ಇಬ್ಬರನ್ನೂ ಲಸಿಕೆಗೆ ಕರೆದೊಯ್ಯುವುದೇ ಚಿಂತೆಯಾಯಿತು. ಗೆಳತಿಯಿಂದ ಅಕ್ಕಪಕ್ಕ ಸೀಟಿನ ಜೋಡಿ ಸ್ಟ್ರಾಲರ್ (ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿ) ತಂದೆ. ಅಗಲ ಸುಮಾರು 75 ಸೆಂ.ಮೀ. ಲಿಫ್ಟಿನ ಬಾಗಿಲಲ್ಲಿ ಹೇಗೋ ತೂರಿತು. ಫುಟ್‌ಪಾತಿನಲ್ಲಿ ಮಾತ್ರ ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಬೈಕು, ಎದ್ದು ನಿಂತ ಚಪ್ಪಡಿ. ಹತ್ತು ಹೆಜ್ಜೆಗೊಮ್ಮೆ ರಸ್ತೆಗಿಳಿಯಬೇಕು. ಮರುದಿನವೇ ವಾಪಸ್ ಕೊಟ್ಟೆ.

ಸ್ಕೂಟರಿನ ಮಾತನ್ನು ನಾನೇ ಬೇಡವೆಂದೆ. 2022ರ ನಿಯಮದ ಪ್ರಕಾರ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಹಾರ್ನೆಸ್ (ಸವಾರರಿಗೆ ಸೇರಿಸಿ ಕಟ್ಟುವ ಪಟ್ಟಿ), ಒಂಬತ್ತು ತಿಂಗಳು ದಾಟಿದವರಿಗೆ ಹೆಲ್ಮೆಟ್ ಬೇಕು, ವೇಗ 40 ಕಿ.ಮೀ. ಮೀರಬಾರದು. ಕತ್ತು ನಿಲ್ಲದ ಕೂಸನ್ನು ಹಾಗೆ ಒಯ್ಯಲು ಮನಸ್ಸು ಬರಲಿಲ್ಲ.

ಕೊನೆಗೆ ಒಗ್ಗಿದ್ದು ಬೇರೆ ದಾರಿ: ಕೂಸು ಎದೆಯ ಮೇಲಿನ ಕ್ಯಾರಿಯರ್‌ನಲ್ಲಿ, ದೊಡ್ಡವಳು ಒಂದೇ ಕೈಯಲ್ಲಿ ಮಡಚುವ ಹಗುರ ಸ್ಟ್ರಾಲರ್‌ನಲ್ಲಿ. ಕೂಸಿನ ಮುಖ ಸದಾ ಕಾಣುತ್ತಿರಬೇಕು, ಅದರ ಗದ್ದ ಅದರ ಎದೆಗೇ ಒತ್ತಿರಬಾರದು, ನಾನು ಬಗ್ಗಿದರೆ ನೆತ್ತಿಗೆ ಮುತ್ತಿಡುವಷ್ಟು ಎತ್ತರದಲ್ಲಿರಬೇಕು. ಇದನ್ನು ಪ್ರತಿ ಸಲವೂ ನೋಡುತ್ತೇನೆ. ಬಿಸಿಲಿದ್ದರೆ ಕತ್ತು ಮುಟ್ಟಿ ಬೆವರಿದೆಯೇ ಎಂದೂ ನೋಡುತ್ತೇನೆ.

ಕಾರಿನಲ್ಲಿ "ಮಡಿಲಲ್ಲೇ ಇಟ್ಕೊಳ್ಳೇ" ಎಂದು ಅಮ್ಮ ಬಹಳ ಹೇಳಿದರು. ಒಪ್ಪಲಿಲ್ಲ. ಇಬ್ಬರಿಗೂ ಹಿಂಬದಿಯಲ್ಲೇ ಅವರವರ ಸೀಟು, ಕೂಸಿನದು ಹಿಮ್ಮುಖವಾಗಿ. ಈಗ ಅಮ್ಮನೇ ಬೆಲ್ಟು ಎಳೆದು ನೋಡುತ್ತಾರೆ.