ಸೊರಗಿದ ಕುದುರೆಗೆ ಹುರುಳಿ ಹಾಕುವ ಮುಂಚೆ

ಮೈಸೂರಿನ ಕಡೆ ಜಟಕಾ ಎಳೆದು ಸೊರಗಿದ ಕುದುರೆಗಳು ಆಗಾಗ ನಮ್ಮ ತೋಟಕ್ಕೆ ಬರುತ್ತವೆ. ನೋಡಿದವರೆಲ್ಲ ಹೇಳುವುದು ಒಂದೇ: "ಹುರುಳಿ ಬೇಯಿಸಿ ಹಾಕಿ, ಮೈ ತುಂಬ್ಕೊಳ್ಳತ್ತೆ." ದುಡಿಯುವ ಗಟ್ಟಿ ಕುದುರೆಗೆ ಹುರುಳಿ ಒಳ್ಳೆಯದೇ. ಆದರೆ ವಾರಗಟ್ಟಲೆ ಹೊಟ್ಟೆಗಿಲ್ಲದ ಕುದುರೆಗೆ ಅದೇ ಕುತ್ತಾಗಬಹುದು.

ಕಾರಣ ಇದು. ಹಸಿದ ದೇಹಕ್ಕೆ ಒಮ್ಮೆಲೇ ಕಾಳು, ಹಿಟ್ಟು ಬಿದ್ದರೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿ ಅಳಿದುಳಿದ ರಂಜಕ, ಮೆಗ್ನೀಷಿಯಂ, ಪೊಟ್ಯಾಸಿಯಂ ಎಲ್ಲ ಜೀವಕೋಶಗಳೊಳಗೆ ಹೋಗಿಬಿಡುತ್ತವೆ. ಆಗ ಹೃದಯ, ಉಸಿರಾಟ ಕೈಕೊಡುತ್ತವೆ. ಚೆನ್ನಾಗಿ ತಿನ್ನುತ್ತಿದ್ದ ಕುದುರೆ ನಾಲ್ಕೈದು ದಿನಕ್ಕೆ ಸತ್ತುಹೋಗುವುದು ಹೀಗೆ.

ಗೌರಿ ಎಂಬ ಹೆಣ್ಣು ಕುದುರೆ ನಮ್ಮಲ್ಲಿಗೆ ಬಂದಾಗ ಪಕ್ಕೆಲುಬು ಒಂದೊಂದೂ ಎಣಿಸುವಂತಿತ್ತು. ಎದೆಪಟ್ಟಿ ಉಜ್ಜಿ ಅಂಗೈ ಅಗಲ ಹುಣ್ಣಾಗಿತ್ತು, ಅದಕ್ಕೆ ಯಾರೋ ಗಾಡಿ ಆಯಿಲ್ ಬಳಿದಿದ್ದರು. ಮುಂಗಾಲಿನ ಗೊರಸು ಬೆಳೆದು ಮುಂದಕ್ಕೆ ಬಾಗಿತ್ತು. ಅವಳ ಯಜಮಾನರು ಕೆಟ್ಟವರಲ್ಲ. ಬಾಡಿಗೆ ಇಲ್ಲದೆ ಮನೆಯವರಿಗೇ ಊಟಕ್ಕೆ ಕಷ್ಟವಾಗಿತ್ತು. ಇಂಥವರನ್ನು ಬೈದರೆ ಮುಂದಿನ ಕುದುರೆಯನ್ನು ಬಚ್ಚಿಡುತ್ತಾರೆ, ಅಷ್ಟೇ.

ಡಾಕ್ಟರ್ ಹೇಳಿದಂತೆ ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಅರ್ಧ ಕೆಜಿಯೊಳಗೆ ಒಣಗಿಸಿದ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಎಂಬ ಮೇವು) ಹಾಕಿದೆವು. ಅದರಲ್ಲಿ ಪಿಷ್ಟ ಕಡಿಮೆ, ಪ್ರೋಟೀನ್, ರಂಜಕ, ಮೆಗ್ನೀಷಿಯಂ ಜಾಸ್ತಿ. ಶುದ್ಧ ನೀರು ಯಾವಾಗಲೂ ಮುಂದೆ ಇರಬೇಕು. ನಾಲ್ಕನೇ ದಿನದಿಂದ ಮೇವು ಸ್ವಲ್ಪ ಸ್ವಲ್ಪ ಏರಿಸಿ, ಹಾಕುವ ಸರದಿ ಕಡಿಮೆ ಮಾಡಿದೆವು. ಹತ್ತು ದಿನ ದಾಟಿದ ಮೇಲೆ ಅವಳು ತಿಂದಷ್ಟು. ಕಾಳು ಆಗಲೂ ಇಲ್ಲ.

ಖಾಲಿ ಬಾಣಲಿ ನೆಕ್ಕುತ್ತಾ ಅವಳು ನಮ್ಮ ಮುಖ ನೋಡುತ್ತಿದ್ದಳು. "ಹಸಿದ ಜೀವಕ್ಕೆ ತೂಕ ಹಾಕಿ ಕೊಡ್ತೀಯಲ್ಲೋ ಮಗ" ಎಂದು ಪಕ್ಕದ ತೋಟದ ಅಜ್ಜಿ ಕಣ್ಣೀರು ಹಾಕಿದರು. ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ ಇದೇ, ಕೈ ತಡೆದುಕೊಳ್ಳುವುದು.

ಹುಣ್ಣಿಗೆ ಮಾಡಿದ್ದು ಸರಳ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ ತೊಳೆದೆವು, ಡಾಕ್ಟರ್ ಕೊಟ್ಟ ಮುಲಾಮು ಹಚ್ಚಿದೆವು. ಕುದುರೆಗೆ ಧನುರ್ವಾಯು ಬೇಗ ತಗಲುತ್ತದೆ, ಹಾಗಾಗಿ ಅದನ್ನು ತಡೆಯುವ ಇಂಜೆಕ್ಷನ್ ಮೊದಲ ದಿನವೇ ಆಯಿತು. ಜಂತುಹುಳದ ಔಷಧಿ ಮಾತ್ರ ಅವಳು ಸ್ವಲ್ಪ ಚೇತರಿಸಿಕೊಂಡ ಮೇಲೆ. ಗೊರಸನ್ನೂ ಒಂದೇ ಸಲಕ್ಕೆ ಕತ್ತರಿಸಲಿಲ್ಲ, ಹಾಗೆ ಮಾಡಿದರೆ ಕಾಲು ಊರಲು ನೋವಾಗುತ್ತದೆ.

ತೂಕ ನೋಡಲು ಟೇಪು ಸಾಕು. ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿ. ಅಳತೆ ಸೆಂಟಿಮೀಟರ್‌ನಲ್ಲಿದ್ದರೆ ಹೆಚ್ಚುಕಡಿಮೆ ಕೆಜಿ ಲೆಕ್ಕ ಸಿಗುತ್ತದೆ. ವಾರಕ್ಕೊಮ್ಮೆ ಬರೆದಿಡಿ. ಮೈ ಪೂರ್ತಿ ತುಂಬಲು ಮೂರರಿಂದ ಐದು ತಿಂಗಳು ಬೇಕು.

ಗೌರಿಯನ್ನು ಮತ್ತೆ ಗಾಡಿಗೆ ಕಟ್ಟಬಹುದಾ ಎಂದು ಯಜಮಾನರು ಬಂದು ಕೇಳಿದರು. ಮುಂಗಾಲು ಇನ್ನು ಭಾರ ತಾಳಲ್ಲ ಎಂದು ಡಾಕ್ಟರ್ ಹೇಳಿದ್ದನ್ನೇ ಹೇಳಿದೆ, ಒಪ್ಪಿಕೊಂಡರು. ಅವರ ಇನ್ನೊಂದು ಕುದುರೆ ಈಗಲೂ ದುಡಿಯುತ್ತಿದೆ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗೆ ಹಿಂಸೆ ಆಗದಂತೆ ಮಾಡಿದ 1965ರ ನಿಯಮದ ಪ್ರಕಾರ ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ ಎಂದು ತಿಳಿಸಿದೆ. ಅದರ ಎದೆಪಟ್ಟಿಗೆ ಒಳಗಡೆ ಮೆತ್ತನೆ ಬಟ್ಟೆ ಹೊಲಿಸಿಕೊಟ್ಟಿದ್ದೇವೆ. ಲಾಳ ಬದಲಿಸುವ ದಿನ ಅವರೇ ಅದನ್ನು ಇಲ್ಲಿಗೆ ಕರೆದುಕೊಂಡು ಬರುತ್ತಾರೆ.