ಹದಿನೆಂಟು ಎಂಬ ಸುಳ್ಳು

ನರ್ಸಿಂಗ್ ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ನಾನು ರೋಗಿಗಳ ಉಸಿರನ್ನು ಎಣಿಸಿದ್ದು ಕಡಿಮೆ, ಬರೆದದ್ದೇ ಹೆಚ್ಚು. ನಾಡಿ, ರಕ್ತದೊತ್ತಡ, ಜ್ವರ, ಆಮ್ಲಜನಕದ ಮಟ್ಟ ಇವನ್ನೆಲ್ಲ ಯಾವುದೋ ಒಂದು ಯಂತ್ರ ತೋರಿಸಿಬಿಡುತ್ತಿತ್ತು. ಚಾರ್ಟಿನಲ್ಲಿ ಉಸಿರಾಟದ ಕಾಲಮ್ ಮಾತ್ರ ಖಾಲಿ ಉಳಿಯುತ್ತಿತ್ತು. ಅಲ್ಲಿ 18 ಎಂದು ಬರೆಯುತ್ತಿದ್ದೆ, ಬೇಸರ ಬಂದ ದಿನ 20. ನನ್ನ ಮೇಲಿನ ಸಾಲಿನಲ್ಲೂ 18, ಅದರ ಮೇಲೂ 18. ವಯಸ್ಕರು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ ಎಂದು ಪಠ್ಯದಲ್ಲಿದೆಯಲ್ಲ, ಅದರೊಳಗೆ ಬಿದ್ದ ಸಂಖ್ಯೆಯನ್ನು ಯಾರೂ ಪ್ರಶ್ನಿಸುವುದಿಲ್ಲ.

ಕರುಳಿನ ಶಸ್ತ್ರಚಿಕಿತ್ಸೆಯಾದ ಒಬ್ಬ ಹಿರಿಯರಿಗೆ ಅದು ನಾಲ್ಕನೆಯ ರಾತ್ರಿ. ಹತ್ತು ಗಂಟೆಗೆ ಎಲ್ಲವನ್ನೂ ನೋಡಿ ಬರೆದಿದ್ದೆ. ರಕ್ತದೊತ್ತಡ 114/70, ಜ್ವರವಿಲ್ಲ, ಬೆರಳಿಗೆ ಹಾಕಿದ ಆಕ್ಸಿಮೀಟರ್ 95 ತೋರಿಸುತ್ತಿತ್ತು, ಉಸಿರಾಟ ಎಂದಿನಂತೆ 18. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅವರ ಮಗಳು ಬಂದು, “ಸಿಸ್ಟರ್, ಅಪ್ಪ ಒಂದು ಮಾತು ಮುಗಿಸುವುದರೊಳಗೆ ಎರಡು ಸಲ ನಿಲ್ಲಿಸುತ್ತಿದ್ದಾರೆ” ಎಂದರು. ಹೋಗಿ ಮಣಿಕಟ್ಟು ಹಿಡಿದು ನಿಂತೆ. ಗಡಿಯಾರದ ಮುಳ್ಳು ಒಂದು ಸುತ್ತು ಬರುವವರೆಗೆ ಹೊದಿಕೆ ಏರಿಳಿಯುವುದನ್ನೇ ನೋಡಿದೆ. 28. ನಂಬಿಕೆ ಬಾರದೆ ಇನ್ನೊಂದು ನಿಮಿಷ ಎಣಿಸಿದೆ. ಆಗಲೂ 28. ನಾಡಿ 112.

ಡ್ಯೂಟಿ ವೈದ್ಯರಿಗೆ ಫೋನ್ ಮಾಡಿದಾಗ ಅವರ ಮೊದಲ ಪ್ರಶ್ನೆ, “ಬಿಪಿ ಸರಿಯಾಗಿದೆಯಲ್ಲ?” ಹೌದು ಎನ್ನುವುದರಲ್ಲಿದ್ದೆ. ಅಷ್ಟರಲ್ಲಿ ಚಾರ್ಟಿನ ಮೊದಲ ಪುಟ ಕಣ್ಣಿಗೆ ಬಿತ್ತು. ಆಸ್ಪತ್ರೆಗೆ ಬಂದ ದಿನ ಅವರ ರಕ್ತದೊತ್ತಡ 156/94 ಇತ್ತು. ವರ್ಷಗಳಿಂದ ಅಷ್ಟರಲ್ಲೇ ಬದುಕಿದ ಮೈಗೆ 114 ಎನ್ನುವುದು ಚೆನ್ನಾದ ಸಂಖ್ಯೆಯಲ್ಲ, ಕುಸಿತ. ಅದನ್ನು ಹೇಳಿದ ಮೇಲೆ ವೈದ್ಯರು ತಡಮಾಡಲಿಲ್ಲ. ಕರುಳಿನ ಹೊಲಿಗೆ ಸೋರಿ ಹೊಟ್ಟೆಯೊಳಗೆ ಸೋಂಕು ಹರಡುತ್ತಿತ್ತು. ಬೆಳಗಾಗುವ ಮೊದಲೇ ಅವರನ್ನು ಮತ್ತೆ ಶಸ್ತ್ರಚಿಕಿತ್ಸೆಗೆ ಒಯ್ದರು. ಅವರು ಬದುಕಿದರು. ನನ್ನ 18 ಮಾತ್ರ ಚಾರ್ಟಿನಲ್ಲಿ ಹಾಗೆಯೇ ಇತ್ತು, ಅದರ ಕೆಳಗೇ ನನ್ನದೇ ಕೈಬರಹದ 28.

ಸೋಂಕಿದ್ದರೂ ಜ್ವರವೇಕೆ ಇರಲಿಲ್ಲ ಎಂದು ಆಮೇಲೆ ಓದಿಕೊಂಡೆ. ವಯಸ್ಸಾದವರಲ್ಲಿ ಗಂಭೀರ ಸೋಂಕಿದ್ದರೂ ಮೈ ಬಿಸಿಯಾಗದೆ ಇರಬಹುದು, ಕೆಲವೊಮ್ಮೆ ತಣ್ಣಗೂ ಆಗಬಹುದು. ರಕ್ತದೊತ್ತಡವೂ ಹಾಗೆಯೇ, ಬೇಗ ಬಿಟ್ಟುಕೊಡುವುದಿಲ್ಲ. ಹೃದಯ ವೇಗವಾಗಿ ಬಡಿದು, ರಕ್ತನಾಳಗಳು ಬಿಗಿದು ಅದನ್ನು ಹಿಡಿದಿಡುತ್ತವೆ. ಉಸಿರಿಗೆ ಅಂಥ ಮರೆಯಿಲ್ಲ. ಅಂಗಾಂಶಗಳಿಗೆ ಆಮ್ಲಜನಕ ಸಾಲದೆ ರಕ್ತದಲ್ಲಿ ಆಮ್ಲ ಹೆಚ್ಚಿದರೆ, ಇಂಗಾಲದ ಡೈಆಕ್ಸೈಡನ್ನು ಹೊರದೂಡಲು ಉಸಿರಾಟ ಬೇಗನೆ ಏರುತ್ತದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ, ನಾಡಿ, ಉಸಿರು ಮುಂತಾದವು ಸಹಜ ಮಿತಿಯಿಂದ ದೂರ ಸರಿದಷ್ಟೂ ಹೆಚ್ಚು ಅಂಕ ಕೊಡುವ ಮುನ್ನೆಚ್ಚರಿಕೆ ಅಂಕಪದ್ಧತಿಯಲ್ಲಿ, ನಿಮಿಷಕ್ಕೆ 25 ಅಥವಾ ಅದಕ್ಕಿಂತ ಹೆಚ್ಚು ಉಸಿರಿದ್ದರೆ ಅದೊಂದಕ್ಕೇ 3 ಅಂಕ. ಒಂದು ಲಕ್ಷಣಕ್ಕೆ ಕೊಡಬಹುದಾದ ಗರಿಷ್ಠ ಅಂಕ ಅದು. ನಾನು ಊಹಿಸಿ ತುಂಬುತ್ತಿದ್ದ ಕಾಲಮ್ಮಿಗೆ ಅಷ್ಟು ಬೆಲೆ.

ಈಗ ನಾನು ಎಣಿಸುವುದು ಹೀಗೆ. ಮೊದಲು ಅರ್ಧ ನಿಮಿಷ ನಾಡಿ. ಲಯ ತಪ್ಪಿದ್ದರೆ ಪೂರ್ತಿ ಒಂದು ನಿಮಿಷ. ತೀರಾ ಏರುಪೇರಿದ್ದರೆ ಸ್ಟೆತೊಸ್ಕೋಪನ್ನು ಎದೆಯ ಮೇಲಿಟ್ಟು ಹೃದಯದ ಬಡಿತವನ್ನೇ ಎಣಿಸುತ್ತೇನೆ, ಏಕೆಂದರೆ ಕೆಲವು ಬಡಿತಗಳು ಮಣಿಕಟ್ಟಿನವರೆಗೆ ಬರುವುದೇ ಇಲ್ಲ. ನಾಡಿ ಮುಗಿದ ಮೇಲೂ ಕೈ ಬಿಡುವುದಿಲ್ಲ. ನಾಡಿ ನೋಡುವವಳಂತೆಯೇ ನಿಂತು ಎದೆಯನ್ನು ಗಮನಿಸುತ್ತೇನೆ. “ನಿಮ್ಮ ಉಸಿರು ಎಣಿಸುತ್ತೇನೆ” ಎಂದು ಹೇಳಿ ನೋಡಿ, ಆ ಕ್ಷಣದಿಂದ ರೋಗಿ ಉಸಿರಾಡುವ ಬಗೆಯೇ ಬದಲಾಗುತ್ತದೆ. ಇದೊಂದು ಸಣ್ಣ ಮೋಸ, ಒಪ್ಪುತ್ತೇನೆ.

ರಕ್ತದೊತ್ತಡ ಅಳೆಯಲು ತೋಳಿಗೆ ಸುತ್ತುವ ಪಟ್ಟಿಯ ವಿಷಯದಲ್ಲಿ ನನಗೆ ಸ್ವಲ್ಪ ಹಟ ಹೆಚ್ಚು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಒತ್ತಡವೂ ಕಾಣಿಸುತ್ತದೆ. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇಕಡ 80ರಷ್ಟನ್ನಾದರೂ ಸುತ್ತಬೇಕು. ತೋಳು ಹೃದಯದ ಮಟ್ಟದಲ್ಲಿ ಆಸರೆಯ ಮೇಲಿರಬೇಕು, ಕೆಳಗೆ ಜೋತುಬಿದ್ದರೆ ಅಳತೆ ಏರುತ್ತದೆ. ರೋಗಿ ಐದು ನಿಮಿಷ ಸುಮ್ಮನೆ ಕುಳಿತಿರಬೇಕು, ಅಳೆಯುವಾಗ ಮಾತಾಡಬಾರದು. ಕೊನೆಯದೇ ಕಷ್ಟ. ಪಟ್ಟಿಗೆ ಗಾಳಿ ತುಂಬತೊಡಗಿದ ಕೂಡಲೇ ಎಲ್ಲರಿಗೂ ಏನಾದರೂ ಹೇಳಬೇಕೆನಿಸುತ್ತದೆ. ಗಾಬರಿ ಹುಟ್ಟಿಸುವ ಅಳತೆ ಬಂದಾಗಲೆಲ್ಲ ನಾನು ಮೊದಲು ಪಟ್ಟಿ, ತೋಳು, ಕುಳಿತ ರೀತಿ ನೋಡಿ ಇನ್ನೊಮ್ಮೆ ಅಳೆಯುತ್ತೇನೆ. ಆಕ್ಸಿಮೀಟರ್ ಅನುಮಾನ ಹುಟ್ಟಿಸಿದರೆ ಬೆರಳು ತಣ್ಣಗಿದೆಯೇ, ಉಗುರಿಗೆ ಬಣ್ಣವಿದೆಯೇ ಎಂದು ನೋಡುತ್ತೇನೆ. ಅದು ತೋರಿಸುವ ನಾಡಿ ನನ್ನ ಎಣಿಕೆಗೆ ಹೊಂದದಿದ್ದರೆ ಅದರ ಆಮ್ಲಜನಕದ ಲೆಕ್ಕವನ್ನೂ ನಂಬುವುದಿಲ್ಲ.

ಬರೆಯುವ ಮುನ್ನ ಹಿಂದಿನ ಮೂರ್ನಾಲ್ಕು ಸಾಲುಗಳ ಮೇಲೆ ಬೆರಳಾಡಿಸುವುದು ಈಗ ರೂಢಿ. ನಾಡಿ 76, 84, 96 ಎಂದು ಹತ್ತಿದ್ದರೆ, ಮೂರೂ ಮಿತಿಯೊಳಗೇ ಇದ್ದರೂ, ಮುಂದಿನ ಸರದಿಯವರೆಗೆ ಕಾಯದೆ ಬೇಗ ಹೋಗಿ ಮತ್ತೆ ನೋಡುತ್ತೇನೆ.

ಮೊನ್ನೆ ಒಬ್ಬರು ಹಿಡಿದ ಕೈಯನ್ನೂ ನನ್ನ ಮುಖವನ್ನೂ ನೋಡುತ್ತ, “ಎಷ್ಟು ಹೊತ್ತು ನಾಡಿ ನೋಡುತ್ತೀರಿ ಸಿಸ್ಟರ್, ಏನಾದರೂ ತೊಂದರೆಯೇ?” ಎಂದು ಕೇಳಿಬಿಟ್ಟರು. ಹದಿನಾಲ್ಕರವರೆಗೆ ಬಂದಿದ್ದೆ. ಮಾತಾಡಿದ ಮೇಲೆ ಆ ಎಣಿಕೆ ಲೆಕ್ಕಕ್ಕೆ ಬಾರದು. “ಏನಿಲ್ಲ, ಆರಾಮವಾಗಿ ಮಲಗಿರಿ” ಎಂದು ಹೇಳಿ ಮತ್ತೆ ಒಂದರಿಂದ ಶುರು ಮಾಡಿದೆ.